ಕಣ್ಣೀರು ಸುಳ್ಳಲ್ಲ ಸ್ವಾಮಿ



ಇವತ್ತು ಒಂದು ದಿನ ರಾಜಕೀಯವನ್ನ ಪಕ್ಕಕ್ಕಿಡೋಣ. ನಿಮಗೊಂದು ಪ್ರಶ್ನೆ. ಸಿನಿಮಾ ನೋಡಿ ನೀವು ಕೊನೇ ಸಲ ಅತ್ತಿದ್ದು ಯಾವಾಗ? “ನಾನು ಅಳೋ ಪೈಕಿ ಅಲ್ಲ” ಅನ್ನೋರು ಇದ್ದೀರಿ, ಗೊತ್ತು. ಕತ್ತಲೆಯಲ್ಲಿ ಕನ್ನಡಕ ತೆಗೆದು ಒರೆಸಿಕೊಂಡಿದ್ದೂ ಲೆಕ್ಕಕ್ಕೆ ಬರುತ್ತೆ.

ಈಗ ಎರಡನೇ ಪ್ರಶ್ನೆ. ಯಾಕೆ ಅತ್ತಿರಿ? ಪರದೆ ಮೇಲಿದ್ದದ್ದು ಬರೀ ಬೆಳಕು. ಸತ್ತ ಅಂತ ತೋರಿಸಿದ ನಟ ‘ಕಟ್’ ಅಂದ ಕೂಡಲೇ ಎದ್ದು ಟೀ ಕುಡಿದಿರ್ತಾನೆ. ಇದು ನಿಮಗೆ ಗೊತ್ತು, ನನಗೂ ಗೊತ್ತು. ಆದರೂ ಗಂಟಲು ಕಟ್ಟುತ್ತೆ, ಎದೆ ಭಾರ ಆಗುತ್ತೆ. ಗೊತ್ತಿರೋ ವಿಷಯ ಮೈಗೆ ಯಾಕೆ ಗೊತ್ತಾಗಲ್ಲ?

ನಾನಿರೋದು ಹೊರಮಾವಿನಲ್ಲಿ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬರು ಹಿರಿಯರಿದ್ದಾರೆ. ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಗಟ್ಟಿ ಮನುಷ್ಯ. ಅಸೋಸಿಯೇಷನ್ ಮೀಟಿಂಗಿನಲ್ಲಿ ನೀರಿನ ಟ್ಯಾಂಕರ್ ಬಿಲ್ಲಿನ ವಿಷಯಕ್ಕೆ ಅವರು ಎದ್ದು ನಿಂತರೆ ಉಳಿದವರೆಲ್ಲ ಕೂತುಬಿಡ್ತಾರೆ. ಅಂಥವರು ಟಿವಿಯಲ್ಲಿ ‘ಬೆಟ್ಟದ ಹೂವು’ ಬಂದರೆ ಕೊನೆಯ ಹತ್ತು ನಿಮಿಷ ನೋಡಲ್ಲ. ನೀರು ಕುಡಿಯೋ ನೆಪದಲ್ಲಿ ಅಡುಗೆಮನೆಗೆ ಹೋಗಿಬಿಡ್ತಾರೆ. “ಅದು ಸಿನಿಮಾ ಕಣ್ರೀ” ಅಂತ ಅವರ ಮನೆಯವರು ನಗ್ತಾರೆ. “ಗೊತ್ತು ಕಣೇ, ಆದ್ರೆ ಆ ಹುಡುಗ ಕಂಬಳಿ ತಗೊಂಡು ಬರೋದನ್ನ ನನ್ನ ಕೈಲಿ ನೋಡಕ್ಕಾಗಲ್ಲ” ಅನ್ನೋದು ಇವರ ಉತ್ತರ.

ಗೊತ್ತಲ್ಲ ಆ ಕಥೆ? 1985ರ ಸಿನಿಮಾ. ಬಡವರ ಮನೆ ಹುಡುಗ ರಾಮು, ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಬೇಕು ಅಂತ ಕಾಡಿನ ಹೂವು ಮಾರಿ ದುಡ್ಡು ಕೂಡಿಡ್ತಾನೆ. ಕೊನೆಗೆ ಅದೇ ದುಡ್ಡಲ್ಲಿ ಮನೆಯವರಿಗಾಗಿ ಕಂಬಳಿ ತರ್ತಾನೆ. ಆ ರಾಮು ಪಾತ್ರ ಮಾಡಿದ ಬಾಲಕ ಪುನೀತ್‌ಗೆ ರಾಷ್ಟ್ರಪ್ರಶಸ್ತಿ ಬಂತು. ಸಿನಿಮಾ ಬಂದು ನಾಲ್ಕು ದಶಕ ಆಯ್ತು. ಆ ಕಂಬಳಿ ಇನ್ನೂ ಹೊರಮಾವಿನ ಒಬ್ಬ ಹಿರಿಯರನ್ನ ಅಡುಗೆಮನೆಗೆ ಓಡಿಸ್ತಾ ಇದೆ.

ನಾನು ಓದಿದ್ದು ಎಂಜಿನಿಯರಿಂಗ್. ಹೊಟ್ಟೆಪಾಡು ಮೈಕಿನ ಮುಂದೆ ಆದರೂ ಹಳೇ ಚಾಳಿ ಬಿಟ್ಟಿಲ್ಲ. ಯಾವುದೇ ಯಂತ್ರ ಕಂಡರೂ ಒಳಗೆ ಏನು ಹೋಗುತ್ತೆ, ಹೊರಗೆ ಏನು ಬರುತ್ತೆ ಅಂತ ನೋಡೋ ಚಾಳಿ. ಹಾಗಾಗಿ ಇವತ್ತು ನಮ್ಮ ತಲೆಬುರುಡೆಯ ಮುಚ್ಚಳ ಸ್ವಲ್ಪ ತೆಗೆದು ನೋಡೋಣ.

ಮೊದಲು ಹೀರೋ ಎಂಟ್ರಿ. ಥಿಯೇಟರಿನಲ್ಲಿ ಶಿಳ್ಳೆ ಯಾವಾಗ ಶುರುವಾಗುತ್ತೆ ಗಮನಿಸಿದ್ದೀರಾ? ಹೀರೋ ಮುಖ ಕಂಡಾಗ ಅಲ್ಲ. ಅದಕ್ಕಿಂತ ಮುಂಚೆ. ಕಾರಿನ ಬಾಗಿಲು ತೆಗೆಯುತ್ತೆ, ಒಂದು ಶೂ ನೆಲಕ್ಕೆ ಬೀಳುತ್ತೆ, ಧೂಳು ಏಳುತ್ತೆ, ಆಮೇಲೆ ಕೈ, ಆಮೇಲೆ ಬೆನ್ನು. ಮುಖ ಬರೋ ಹೊತ್ತಿಗೆ ಮುಂದಿನ ಸಾಲಿನವರ ಗಂಟಲೇ ಹೋಗಿರುತ್ತೆ. ಇದರ ಹಿಂದೆ ಕೆಲಸ ಮಾಡೋ ರಾಸಾಯನಿಕಗಳಲ್ಲಿ ಮುಖ್ಯವಾದದ್ದು ಡೋಪಮಿನ್. 1990ರ ದಶಕದಲ್ಲಿ ವೋಲ್ಫ್‌ರಾಮ್ ಶುಲ್ಟ್ಜ್ ಅನ್ನೋ ವಿಜ್ಞಾನಿ ಕೋತಿಗಳ ಮೇಲೆ ಪ್ರಯೋಗ ಮಾಡಿದರು. ಅನಿರೀಕ್ಷಿತವಾಗಿ ಹಣ್ಣಿನ ರಸ ಕೊಟ್ಟಾಗ ಕೋತಿಯ ಮಿದುಳಿನ ಡೋಪಮಿನ್ ಕೋಶಗಳು ಮಿಡಿದವು. ರಸಕ್ಕಿಂತ ಮುಂಚೆ ಪ್ರತಿಸಲ ಒಂದು ಸೂಚನೆ ಕೊಟ್ಟು ಅಭ್ಯಾಸ ಮಾಡಿಸಿದರು. ಆಮೇಲೆ ನೋಡಿದರೆ ಆ ಕೋಶಗಳು ರಸಕ್ಕೆ ಮಿಡಿಯೋದನ್ನ ಬಿಟ್ಟು, ಸೂಚನೆ ಬಂದ ಕೂಡಲೇ ಮಿಡಿಯತೊಡಗಿದವು. ಸೂಚನೆ ಕೊಟ್ಟು ರಸ ಕೊಡದಿದ್ದರೆ? ಆ ಕ್ಷಣಕ್ಕೆ ಮಿಡಿತ ಕುಸಿಯಿತು. ಅದನ್ನೇ ನಾವು ನಿರಾಸೆ ಅಂತೀವಿ ಅನ್ನಬಹುದು.

ಅಂದರೆ ಡೋಪಮಿನ್ ಊಟಕ್ಕಿಂತ ಒಗ್ಗರಣೆಯ ವಾಸನೆಗೆ ಏಳೋ ರಾಸಾಯನಿಕ. ನಮ್ಮ ಮಾಸ್ ಸಿನಿಮಾ ನಿರ್ದೇಶಕರು ಯಾವ ಲ್ಯಾಬಿಗೂ ಹೋಗದೆ ಇದನ್ನ ಕಂಡುಕೊಂಡಿದ್ದರು. ಆ ಶೂ ಇದೆಯಲ್ಲ, ಅದೇ ಸೂಚನೆ. ಮುಖ ಅನ್ನೋದು ರಸ.

ಎರಡನೇದು ಭಯ. ಇಲ್ಲಿ ಅಡ್ರಿನಲಿನ್, ಕಾರ್ಟಿಸೋಲ್ ಬರುತ್ತವೆ. ಮಿದುಳಿನ ಆಳದಲ್ಲಿ ಅಮಿಗ್ಡಲಾ ಅಂತ ಬಾದಾಮಿ ಆಕಾರದ ಒಂದು ಭಾಗ ಇದೆ. ಅದು ನಮ್ಮ ಕಾವಲುಗಾರ. ಮಬ್ಬಿನಲ್ಲಿ ಹಗ್ಗ ಕಂಡರೆ ಮೊದಲು “ಹಾವು!” ಅಂತ ಕೂಗಿ, ವಿಚಾರಣೆ ಆಮೇಲೆ ಮಾಡೋ ಕಾವಲುಗಾರ. ಸಿನಿಮಾದ ದೆವ್ವಕ್ಕೂ ಅವನು ಕೂಗ್ತಾನೆ. ಹಣೆಯ ಹಿಂದಿರೋ ವಿವೇಕದ ಭಾಗ “ಸುಮ್ನಿರಪ್ಪಾ, ಇದು ಸಿನಿಮಾ” ಅಂತ ಸಮಾಧಾನ ಮಾಡುತ್ತೆ. ಅದಕ್ಕೇ ನೀವು ಸೀಟು ಬಿಟ್ಟು ಓಡಲ್ಲ. ಆದರೆ ಅಷ್ಟರಲ್ಲಿ ಅಡ್ರಿನಲಿನ್ ರಕ್ತಕ್ಕೆ ಇಳಿದಿರುತ್ತೆ. ಎದೆ ಡವಡವ ಅನ್ನುತ್ತೆ, ಅಂಗೈ ಬೆವರುತ್ತೆ.

2008ರಲ್ಲಿ ನಮ್ಮ ಸುದೀಪ್ ನಟಿಸಿದ ‘ಫೂಂಕ್’ ಅನ್ನೋ ಹಿಂದಿ ಸಿನಿಮಾ ಬಂತು. ಥಿಯೇಟರಿನಲ್ಲಿ ಒಬ್ಬರೇ ಕೂತು ಪೂರ್ತಿ ನೋಡಿದವರಿಗೆ 5 ಲಕ್ಷ ಬಹುಮಾನ ಅಂತ ನಿರ್ದೇಶಕ ರಾಮ್‌ಗೋಪಾಲ್ ವರ್ಮಾ ಘೋಷಿಸಿದ್ದರು. ಪ್ರಚಾರದ ಗಿಮಿಕ್ ಅಂತ ನಕ್ಕುಬಿಡಬಹುದು. ಆದರೆ ‘ಒಬ್ಬರೇ’ ಅನ್ನೋ ಆ ಷರತ್ತು ನೋಡಿ, ಅದರಲ್ಲಿ ವಿಜ್ಞಾನ ಇದೆ. ಅದಕ್ಕೆ ಆಮೇಲೆ ಬರ್ತೀನಿ.

ನೆದರ್ಲೆಂಡ್ಸಿನ ಲೈಡನ್‌ನಲ್ಲಿ ವೈದ್ಯರು 24 ಆರೋಗ್ಯವಂತ ಯುವಜನರಿಗೆ ಒಂದು ಹಾರರ್ ಸಿನಿಮಾ, ಒಂದು ಸಾದಾ ಸಾಕ್ಷ್ಯಚಿತ್ರ ತೋರಿಸಿ, ಮುಂಚೆ ಮತ್ತು ಆಮೇಲೆ ರಕ್ತ ಪರೀಕ್ಷೆ ಮಾಡಿದರು. 2015ರಲ್ಲಿ ಫಲಿತಾಂಶ ಪ್ರಕಟವಾಯ್ತು. ಹಾರರ್ ನೋಡಿದಾಗ ರಕ್ತ ಹೆಪ್ಪುಗಟ್ಟೋಕೆ ಬೇಕಾದ ‘ಫ್ಯಾಕ್ಟರ್ 8’ ಅನ್ನೋ ಪ್ರೋಟೀನ್ ಹೆಚ್ಚಾಗಿತ್ತು. ಗಾಬರಿ ಬೇಡ, ಯಾರ ರಕ್ತವೂ ಹೆಪ್ಪುಗಟ್ಟಲಿಲ್ಲ. ಮೈ ಮಾತ್ರ ಗಾಯಕ್ಕೆ ಸಿದ್ಧವಾಗಿತ್ತು. ದೆವ್ವ ಪರದೆಯಲ್ಲಿ, ತಯಾರಿ ರಕ್ತದಲ್ಲಿ.

ಜರ್ಮನಿಯ ಮೈಂಜ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಿಜ್ಞಾನಿಗಳು ಇನ್ನೂ ಮಜವಾದ ಕೆಲಸ ಮಾಡಿದರು. ಪ್ರೇಕ್ಷಕರನ್ನ ಮುಟ್ಟಲೇ ಇಲ್ಲ. ಥಿಯೇಟರಿನಿಂದ ಹೊರಗೆ ಹೋಗೋ ಗಾಳಿಯನ್ನ ಯಂತ್ರಕ್ಕೆ ಕೊಟ್ಟು ಅಳೆದರು. 16 ಸಿನಿಮಾ, 108 ಪ್ರದರ್ಶನ. ‘ಹಂಗರ್ ಗೇಮ್ಸ್’ ಸರಣಿಯ ಚಿತ್ರದಲ್ಲಿ ನಾಯಕಿ ಅಪಾಯಕ್ಕೆ ಸಿಕ್ಕಾಗಲೆಲ್ಲ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್, ಐಸೊಪ್ರೀನ್ ಏರುತ್ತಿದ್ದವು. ಮಾರನೇ ಪ್ರದರ್ಶನ, ಬೇರೆ ಜನ, ಅದೇ ದೃಶ್ಯಕ್ಕೆ ಅದೇ ಏರಿಕೆ. ಸ್ನಾಯು ಬಿಗಿಯಾದಾಗ, ಉಸಿರು ಹಿಡಿದು ಬಿಟ್ಟಾಗ ಹೊರಬೀಳೋ ಅನಿಲ ಈ ಐಸೊಪ್ರೀನ್. “ಇಡೀ ಥಿಯೇಟರ್ ಉಸಿರು ಬಿಗಿಹಿಡಿದು ನೋಡಿತು” ಅಂತ ನಾವು ವರದಿಗಾರರು ಬರೀತೀವಲ್ಲ, ಅದನ್ನ ಇವರು ಗಾಳಿಯಲ್ಲೇ ಅಳೆದುಬಿಟ್ಟರು.

ಮೂರನೇದು ಮರುಕ. ಇಲ್ಲಿ ಆಕ್ಸಿಟೋಸಿನ್ ಹೆಸರು ಕೇಳಿಬರುತ್ತೆ. ಬಾಣಂತಿ ಮಗುವಿಗೆ ಹಾಲೂಡಿಸುವಾಗ ಬರೋ ಅದೇ ರಾಸಾಯನಿಕ. ಅಮೆರಿಕದ ಪಾಲ್ ಝಾಕ್ ಮತ್ತು ಜೊತೆಗಾರರು, ಕ್ಯಾನ್ಸರ್ ಬಂದ ಪುಟ್ಟ ಮಗು ಮತ್ತು ಅವನ ತಂದೆಯ ಕಥೆಯ ಸಣ್ಣ ಚಿತ್ರ ತೋರಿಸಿ ರಕ್ತ ಪರೀಕ್ಷಿಸಿದರು. ಮರುಕ ಹೆಚ್ಚಾದವರಲ್ಲಿ ಆಕ್ಸಿಟೋಸಿನ್ ಹೆಚ್ಚಿತ್ತು, ಅವರು ಅಪರಿಚಿತರಿಗೆ ದುಡ್ಡು ಕೊಡೋದರಲ್ಲೂ ಧಾರಾಳವಾಗಿದ್ದರು ಅನ್ನೋದು ಅವರ ವರದಿ. ರಕ್ತದಲ್ಲಿ ಅಳೆದದ್ದು ಮಿದುಳಿನದ್ದೇ ಲೆಕ್ಕ ಹೌದಾ ಅನ್ನೋ ಬಗ್ಗೆ ವಿಜ್ಞಾನಿಗಳಲ್ಲೇ ಜಗಳ ಇದೆ. ಹಾಗಾಗಿ ‘ಪ್ರೀತಿಯ ಹಾರ್ಮೋನ್’ ಅಂತ ಹೆಡ್‌ಲೈನ್ ಕೊಟ್ಟು ಮುಗಿಸೋ ವಿಷಯ ಇದಲ್ಲ. ಒಂದು ಭಾವನೆಗೆ ಒಂದೇ ರಾಸಾಯನಿಕ ಅನ್ನೋ ಲೆಕ್ಕ ಮಿದುಳಿನಲ್ಲಿ ನಡೆಯಲ್ಲ. ಎಲ್ಲ ಸೇರಿ ಒಂದು ಸಾರು.

ಈಗ ಆ ‘ಒಬ್ಬರೇ’ ಅನ್ನೋ ಷರತ್ತಿಗೆ ಬರೋಣ. 2016ರಲ್ಲಿ ಆಕ್ಸ್‌ಫರ್ಡಿನ ರಾಬಿನ್ ಡನ್‌ಬಾರ್ ತಂಡ ಒಂದು ಸರಳ ಪರೀಕ್ಷೆ ಮಾಡಿತು. ಜನರನ್ನ ಗೋಡೆಗೆ ಒರಗಿಸಿ, ಕುರ್ಚಿ ಇಲ್ಲದೆ ಕುರ್ಚಿಯಲ್ಲಿ ಕೂತ ಹಾಗೆ ಕೂರಿಸಿದರು. ತೊಡೆ ಉರಿಯುತ್ತೆ, ಎಷ್ಟು ಹೊತ್ತು ತಡೀತೀರಿ? ಆಮೇಲೆ ಗುಂಪಾಗಿ ಕರುಳು ಹಿಂಡೋ ಒಂದು ಸಿನಿಮಾ ತೋರಿಸಿ ಮತ್ತೆ ಅದೇ ಪರೀಕ್ಷೆ. ಸಾಕ್ಷ್ಯಚಿತ್ರ ನೋಡಿದವರಿಗಿಂತ ಆ ಸಿನಿಮಾ ನೋಡಿದವರು ಹೆಚ್ಚು ನೋವು ತಡೆದರು. ಪಕ್ಕದಲ್ಲಿ ಕೂತಿದ್ದ ಅಪರಿಚಿತರ ಬಗ್ಗೆ ಅವರಲ್ಲಿ ಆಪ್ತಭಾವವೂ ಹೆಚ್ಚಿತ್ತು. ಮೈ ತಾನೇ ತಯಾರಿಸಿಕೊಳ್ಳೋ ನೋವುನಿವಾರಕ ಎಂಡಾರ್ಫಿನ್ ಇದಕ್ಕೆ ಕಾರಣ ಅಂತ ಅವರ ವಾದ. ಅವರು ಅಳೆದದ್ದು ನೋವು ತಡೆಯೋ ಶಕ್ತಿಯನ್ನ, ನೇರವಾಗಿ ಎಂಡಾರ್ಫಿನ್ ಅಲ್ಲ, ಅದೂ ನೆನಪಿರಲಿ.

ನಮ್ಮಲ್ಲಿ ಸಾವಿನ ಮನೆಗೆ ಊರೆಲ್ಲ ಯಾಕೆ ಹೋಗುತ್ತೆ? ಒಟ್ಟಿಗೆ ಅತ್ತರೆ ಹಗುರಾಗುತ್ತೆ ಅಂತ. ಥಿಯೇಟರ್ ಮಾಡ್ತಿದ್ದದ್ದೂ ಅದನ್ನೇ. ನಮ್ಮ ಪೂರ್ವ ಬೆಂಗಳೂರಿನ ಹಳಬರನ್ನ ಕೇಳಿ. ಶಿವಾಜಿನಗರದ ಎಲ್ಜಿನ್, ಹಲಸೂರಿನ ಲಿಡೋ, ಬ್ರಿಗೇಡ್ ರಸ್ತೆಯ ರೆಕ್ಸ್. ಗೊತ್ತಿಲ್ಲದವರ ಮೊಣಕೈ ತಾಗಿಸಿಕೊಂಡು, ಕನ್ನಡ, ತಮಿಳು, ತೆಲುಗು, ದಖನಿ ಮಾತಾಡೋರೆಲ್ಲ ಒಂದೇ ದೃಶ್ಯಕ್ಕೆ ಒಂದೇ ಸಲ ಮೂಗು ಒರೆಸಿಕೊಂಡಿದ್ದಾರೆ. ಆ ಟಾಕೀಸುಗಳು ಇವತ್ತಿಲ್ಲ. ಈಗ ನಾನು ರಾತ್ರಿ ಶೋ ಮುಗಿಸಿ ಔಟರ್ ರಿಂಗ್ ರೋಡಿನಿಂದ ಹೊರಮಾವಿಗೆ ತಿರುಗಿದರೆ ಕಾಣೋದು ಕಿಟಕಿ ಕಿಟಕಿಯಲ್ಲಿ ನೀಲಿ ಬೆಳಕು. ಒಂದೊಂದು ಮನೆಯಲ್ಲಿ ಒಂದೊಂದು ಸಿನಿಮಾ. ಒಂದೇ ಮನೆಯಲ್ಲಿ ನಾಲ್ಕು ಮೊಬೈಲಿನಲ್ಲಿ ನಾಲ್ಕು. ಹಾಗಂತ ಹಳೇದೆಲ್ಲ ಬಂಗಾರ ಅಂತ ಹಾಡು ಹೇಳೋಕೆ ಬಂದಿಲ್ಲ ನಾನು. ಆ ಟಾಕೀಸಿನ ತಿಗಣೆ ಯಾರಿಗೂ ಬೇಡ. ನಾನು ಕೇಳ್ತಿರೋದು ಇಷ್ಟೇ: ಮೈಯಲ್ಲಿ ಅಷ್ಟೆಲ್ಲ ರಾಸಾಯನಿಕ ಏಳುತ್ತಲ್ಲ, ಅದು ಇಳಿಯೋದು ಯಾವಾಗ?

ಸಿನಿಮಾಕ್ಕೆ ಒಂದು ದೊಡ್ಡ ಗುಣ ಇದೆ. ಅದು ಮುಗಿಯುತ್ತೆ. ಇಂಟರ್‌ವೆಲ್‌ನಲ್ಲಿ ಎದ್ದು ಕಾಲಾಡಿಸ್ತೀರಿ. ಎರಡೂವರೆ ಗಂಟೆಗೆ ‘ಶುಭಂ’. ದೀಪ ಹತ್ತುತ್ತೆ. ಮನೆ ದಾರಿಯಲ್ಲಿ ಮಾತಾಡ್ತೀರಿ. ಅಡ್ರಿನಲಿನ್ ನಿಮಿಷಗಳಲ್ಲಿ ಇಳಿಯುತ್ತೆ, ಕಾರ್ಟಿಸೋಲ್ ನಿಧಾನಕ್ಕೆ. ಎಂಜಿನಿಯರ್ ಭಾಷೆಯಲ್ಲಿ ಹೇಳೋದಾದರೆ ಸರ್ಕ್ಯೂಟಿಗೆ ಡಿಸ್ಚಾರ್ಜ್ ಆಗೋಕೆ ದಾರಿ ಇದೆ. ಓಟಿಟಿಯಲ್ಲಿ ಏನಾಗುತ್ತೆ? ಕಂತು ಮುಗಿಯೋ ಮುಂಚೆಯೇ ಮುಂದಿನ ಶೂ ನೆಲಕ್ಕೆ ಬಿದ್ದಿರುತ್ತೆ. ಕೆಲವೇ ಸೆಕೆಂಡಿನಲ್ಲಿ ಮುಂದಿನ ಕಂತು ತಾನಾಗಿ ಶುರು. ಬರೀ ಸೂಚನೆ, ಬರೀ ಒಗ್ಗರಣೆ. ಎಲೆ ಎತ್ತೋ ಹೊತ್ತು ಬರೋದೇ ಇಲ್ಲ.

ಇದು ತಮಾಷೆಯ ವಿಷಯ ಅಲ್ಲ. ನಮ್ಮ ನಿಮ್ಹಾನ್ಸ್‌ನಲ್ಲಿ 2014ರಿಂದ ತಂತ್ರಜ್ಞಾನದ ಗೀಳಿಗೆ ಚಿಕಿತ್ಸೆ ಕೊಡೋ ‘ಶಟ್’ ಅನ್ನೋ ಕ್ಲಿನಿಕ್ ಇದೆ. 2018ರಲ್ಲಿ ಅಲ್ಲಿಗೆ ಬಂದ 26 ವರ್ಷದ ಯುವಕನ ಪ್ರಕರಣ ದೇಶದಲ್ಲೆಲ್ಲ ಸುದ್ದಿಯಾಯ್ತು. ಕೆಲಸ ಇರಲಿಲ್ಲ. ಮನೆಯವರ ಒತ್ತಡ, ಗೆಳೆಯರೆಲ್ಲ ಮುಂದೆ ಹೋದರು ಅನ್ನೋ ಸಂಕಟ. ಆ ಸಂಕಟ ಮರೆಯೋಕೆ ಆರು ತಿಂಗಳು ದಿನಕ್ಕೆ ಏಳು ಗಂಟೆಗೂ ಹೆಚ್ಚು ಹೊತ್ತು ನೆಟ್‌ಫ್ಲಿಕ್ಸ್ ನೋಡಿದ್ದ. ಅವನ ಸಂಕಟ ನಿಜ. ನೋಡುವಾಗ ಸಿಕ್ಕ ನೆಮ್ಮದಿಯೂ ನಿಜ. ಪರದೆ ಆರಿಸಿದಾಗ ಕೆಲಸ ಮಾತ್ರ ಹಾಗೇ ಇಲ್ಲ. ಅವನನ್ನ ಸೋಮಾರಿ ಅಂತ ಬೈದರೆ ಯಾವ ಪ್ರಯೋಜನವೂ ಇಲ್ಲ. ಮನೆಯಲ್ಲಿ ಅಂಥ ಮಗ ಇದ್ದರೆ, ಮಗಳಿದ್ದರೆ, ರಿಮೋಟ್ ಕಿತ್ತುಕೊಳ್ಳೋ ಮುಂಚೆ ಅವರು ಯಾವ ನೋವಿಗೆ ಈ ಔಷಧಿ ತಗೊಳ್ತಿದ್ದಾರೆ ಅಂತ ಕೇಳಿ.

ಈಗ ನಿಮ್ಮಲ್ಲಿ ಯಾರೋ ಮನಸ್ಸಿನಲ್ಲೇ ಅಂದುಕೊಳ್ತಿದ್ದೀರಿ: “ಸಾರ್, ನಿಮ್ಮ ಚಾನೆಲ್‌ಗಳ ಕಥೆ ಏನು?” ಹೇಳ್ತೀನಿ, ಮುಚ್ಚುಮರೆ ಇಲ್ಲ. ಆ ಕೆಂಪು ಪಟ್ಟಿ, ಆ ಡಮಾರ್ ಅನ್ನೋ ಸದ್ದು, ‘ಕೆಲವೇ ಕ್ಷಣಗಳಲ್ಲಿ’ ಅನ್ನೋ ಮಾತು, ಇವೆಲ್ಲ ಕಾರಿನ ಬಾಗಿಲಿನಿಂದ ಇಳಿಯೋ ಶೂಗಳೇ. ಪ್ರಿನ್ಸ್‌ಟನ್‌ನ ಉರಿ ಹ್ಯಾಸನ್ ತಂಡ 2008ರಲ್ಲಿ ಒಂದು ಹೋಲಿಕೆ ಪ್ರಕಟಿಸಿತು. ಗುಂಡು ತುಂಬಿದ ಪಿಸ್ತೂಲನ್ನ ಆಟಿಕೆ ಅಂದುಕೊಂಡು ಓಡಾಡೋ ಹುಡುಗನ ಕಥೆ, ಹಿಚ್‌ಕಾಕ್ ನಿರ್ದೇಶಿಸಿದ್ದು. ಅದನ್ನ ನೋಡುವಾಗ ನೋಡುಗರ ಮಿದುಳಿನ ಹೊರಪದರದ ಶೇ. 65ರಷ್ಟು ಭಾಗ ಒಂದೇ ತಾಳಕ್ಕೆ ಕುಣಿಯಿತು. ಒಂದು ಪಾರ್ಕಿನಲ್ಲಿ ಕ್ಯಾಮೆರಾ ಸುಮ್ಮನೆ ಇಟ್ಟು, ಕತ್ತರಿಯಾಡಿಸದೆ ತೆಗೆದ ದೃಶ್ಯಕ್ಕೆ? ಶೇ. 5ಕ್ಕೂ ಕಡಿಮೆ. ಅಂದರೆ ನಿಮ್ಮ ಮಿದುಳನ್ನ ಹಿಡಿಯೋದು ಘಟನೆಯಷ್ಟೇ ಅಲ್ಲ. ಯಾವುದನ್ನ ಎಷ್ಟು ಹೊತ್ತು ತೋರಿಸಬೇಕು ಅಂತ ತೀರ್ಮಾನ ಮಾಡೋ ಎಡಿಟಿಂಗ್ ಟೇಬಲ್ಲಿನ ಕೈ.

ಆ ಕೈ ದೊಡ್ಡ ಜವಾಬ್ದಾರಿ. 2024ರ ಅಕ್ಟೋಬರ್ 22. ಮಳೆ. ನಮ್ಮ ಹೊರಮಾವಿನ ಪಕ್ಕದ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು ಬಿತ್ತು. 9 ಜನ ಸತ್ತರು. ಹೊಟ್ಟೆಪಾಡಿಗೆ ದೂರದ ರಾಜ್ಯಗಳಿಂದ ಬಂದ ಕಾರ್ಮಿಕರು ಅದರಲ್ಲಿದ್ದರು. ಅವಶೇಷ, ಜೆಸಿಬಿ, ಸ್ಟ್ರೆಚರ್ ಎಲ್ಲ ನೀವು ಪರದೆಯಲ್ಲಿ ನೋಡಿದಿರಿ. ನಿಮ್ಮ ಎದೆ ಹಿಂಡಿತು. ಅದು ಸುಳ್ಳಲ್ಲ, ಮಾನವೀಯತೆ ಇದ್ದವರ ಎದೆ ಹಿಂಡಲೇಬೇಕು. ಆಮೇಲೆ ಜಾಹೀರಾತು ಬಂತು. ಆಮೇಲೆ ಇನ್ನೊಂದು ಸುದ್ದಿ. ಮಿದುಳಿಗೆ ಹಿಚ್‌ಕಾಕ್ ಕಥೆಯ ಹುಡುಗ, ಬಾಬುಸಾಪಾಳ್ಯದ ಕೂಲಿ ಕಾರ್ಮಿಕ ಇಬ್ಬರೂ ಪರದೆ ಮೇಲಿನ ಬೆಳಕೇ. ವ್ಯತ್ಯಾಸ ಇರೋದು ಪರದೆಯ ಈ ಕಡೆ. ಹಿಚ್‌ಕಾಕ್‌ನ ಹುಡುಗನಿಗೆ ನಿಮ್ಮಿಂದ ಆಗಬೇಕಾದ್ದು ಏನೂ ಇಲ್ಲ. ಪಕ್ಕದ ರಸ್ತೆಯಲ್ಲಿ ಅನುಮತಿ ಮೀರಿ ಏಳೋ ಅಂತಸ್ತನ್ನ ಪ್ರಶ್ನೆ ಮಾಡಬೇಕಾದವರು ನೀವೂ ಹೌದು, ನಾನೂ ಹೌದು.

ಹಾಗಾದರೆ ಪರದೆಯ ಮುಂದೆ ಎದ್ದ ಭಾವನೆ ಪರದೆ ಆರಿದ ಮೇಲೂ ಕೆಲಸ ಮಾಡುತ್ತಾ? ಮಾಡುತ್ತೆ. ಸಾಕ್ಷಿ ನಮ್ಮ ಕಣ್ಣೆದುರಿಗೇ ಇದೆ.

2021ರ ಅಕ್ಟೋಬರ್ 29. ಆ ದಿನ ಬೇರೆ ಏನೂ ಹೇಳಬೇಕಾಗಿಲ್ಲ, ದಿನಾಂಕ ಸಾಕು. ಅಪ್ಪು ಹೋದಾಗ ಅವರಿಗೆ 46 ವರ್ಷ. ಕಂಠೀರವ ಕ್ರೀಡಾಂಗಣಕ್ಕೆ ಹರಿದು ಬಂದ ಲಕ್ಷಾಂತರ ಜನರಲ್ಲಿ ಅವರ ಜೊತೆ ಒಂದು ಮಾತಾಡಿದವರು ಎಷ್ಟು ಜನ ಇದ್ದಿರಬಹುದು? ಆದರೂ ಮನೆಮಗ ಹೋದ ಹಾಗೆ ಅತ್ತರು. ಇದನ್ನ ಹುಚ್ಚು ಅಂದವರಿದ್ದಾರೆ. 1956ರಲ್ಲೇ ಹಾರ್ಟನ್ ಮತ್ತು ವೋಲ್ ಅನ್ನೋ ಇಬ್ಬರು ಸಂಶೋಧಕರು ಇದಕ್ಕೆ ಹೆಸರು ಕೊಟ್ಟಿದ್ದರು. ಕನ್ನಡದಲ್ಲಿ ‘ಒಮ್ಮುಖ ನಂಟು’ ಅನ್ನೋಣ. ಪರದೆ ಮೇಲೆ ಪದೇ ಪದೇ ಕಾಣೋ ಮುಖವನ್ನ ಮಿದುಳು ನೆಂಟರ ಪಟ್ಟಿಗೆ ಸೇರಿಸಿಬಿಡುತ್ತೆ. ರಾತ್ರಿ 9ಕ್ಕೆ ನಿಮ್ಮ ಹಾಲಿಗೆ ಬರೋ ನಾನೂ ಅದೇ ಲೆಕ್ಕ. ಕಂಬಳಿ ತಂದ ರಾಮು ಆ ಪಟ್ಟಿ ಸೇರಿ 36 ವರ್ಷ ಆಗಿತ್ತು ಸ್ವಾಮಿ. ಅಳದೆ ಇರೋದು ಹೇಗೆ?

ಮಾರನೇ ವರ್ಷ ಮಾರ್ಚ್ 17ಕ್ಕೆ, ಅವರ ಹುಟ್ಟುಹಬ್ಬದಂದು, ‘ಜೇಮ್ಸ್’ ತೆರೆಗೆ ಬಂತು. ಡಬ್ಬಿಂಗ್ ಮುಗಿಸೋ ಮುಂಚೆಯೇ ಅಪ್ಪು ಹೋಗಿದ್ದರಿಂದ ದನಿ ಕೊಟ್ಟವರು ಶಿವಣ್ಣ. ಮುಖ ತಮ್ಮನದು, ದನಿ ಅಣ್ಣನದು. ಮುಖ ಕಂಡ ಕೂಡಲೇ ಮಿದುಳು ಒಂದು ದನಿಗೆ ಕಾಯುತ್ತೆ, ಅದು ಬರಲ್ಲ. ಕೋತಿಗೆ ರಸ ಸಿಗದೇ ಹೋದ ಆ ಕ್ಷಣ ನೆನಪಿದೆಯಲ್ಲ? ಶಿಳ್ಳೆ ಹಾಕೋಕೆ ಬಂದವರು ಬಿಕ್ಕಿ ಬಿಕ್ಕಿ ಅತ್ತು ಹೊರಗೆ ಬಂದರು.

ಆದರೆ ನಾನು ಹೇಳಬೇಕಾದ್ದು ಕಣ್ಣೀರಿನ ಲೆಕ್ಕ ಅಲ್ಲ, ಕಣ್ಣಿನ ಲೆಕ್ಕ. ಅಪ್ಪು ಹೋದ ದಿನವೇ ಅವರ ಕಣ್ಣು ದಾನವಾಯ್ತು. ನಾರಾಯಣ ನೇತ್ರಾಲಯದ ವೈದ್ಯರು ಕಾರ್ನಿಯಾದ ಪದರಗಳನ್ನ ಬಿಡಿಸಿ, ಎರಡು ಕಣ್ಣಿನಿಂದ ನಾಲ್ಕು ಜನಕ್ಕೆ ದೃಷ್ಟಿ ಕೊಟ್ಟರು. ಅಣ್ಣಾವ್ರೂ 2006ರಲ್ಲಿ ಕಣ್ಣು ಕೊಟ್ಟೇ ಹೋಗಿದ್ದರು. ಅಪ್ಪು ನಂತರ ಏನಾಯ್ತು? ಅತ್ತವರು ಅತ್ತು ಸುಮ್ಮನಾಗಲಿಲ್ಲ. ಕಣ್ಣುದಾನಕ್ಕೆ ಸಾವಿರಾರು ಜನ ಹೆಸರು ಬರೆಸಿದರು. ಎದೆಬಡಿತದ ತಪಾಸಣೆಗೆ ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತರು. ಮರುಕ ಎಕರೆಗಟ್ಟಲೆ ಹರಿದು ಇಂಗಿಹೋಗೋದು ಒಂದು ಬಗೆ. ಕಾಲುವೆ ತೋಡಿದರೆ ಗದ್ದೆಗೆ ಹೋಗೋದು ಇನ್ನೊಂದು ಬಗೆ. ಅವತ್ತು ಕರ್ನಾಟಕ ಕಾಲುವೆ ತೋಡಿತು.

ಇದೇ ನೋಡಿ ನನ್ನ ಮಾತಿನ ತಿರುಳು. ಸಿನಿಮಾ ಸುಳ್ಳಿರಬಹುದು, ನಿಮ್ಮ ರಕ್ತದಲ್ಲಿ ಏಳೋದು ಸುಳ್ಳಲ್ಲ. ಅಳೋದಕ್ಕೆ ನಾಚಿಕೊಳ್ಳಬೇಡಿ, ಮಕ್ಕಳು ಅತ್ತರೆ “ಅದು ಸಿನಿಮಾ ಕಣೋ” ಅಂತ ಬಾಯಿ ಮುಚ್ಚಿಸಬೇಡಿ. ಆದರೆ ಆ ರಾಸಾಯನಿಕಕ್ಕೆ ಬೆಲೆ ಇದೆ ಅನ್ನೋದು ಸಿನಿಮಾದವರಿಗೆ ಗೊತ್ತು, ಓಟಿಟಿಯವರಿಗೆ ಗೊತ್ತು, ನಮ್ಮಂಥ ಚಾನೆಲ್‌ನವರಿಗೆ ಗೊತ್ತು, ಓಟು ಕೇಳೋರಿಗೆ ಇನ್ನೂ ಚೆನ್ನಾಗಿ ಗೊತ್ತು. ಗೊತ್ತಿರಬೇಕಾದವರು ಇನ್ನೊಬ್ಬರಿದ್ದಾರೆ, ನೀವು.

ಹಾಗಾಗಿ ಮೂರೇ ಕೆಲಸ. ವಾರಕ್ಕೊಂದು ಸಿನಿಮಾನಾದರೂ ಮನೆಯವರೆಲ್ಲ ಒಟ್ಟಿಗೆ ಕೂತು ನೋಡಿ. ಮುಗಿದ ಮೇಲೆ ಮುಂದಿನದಕ್ಕೆ ಹಾರದೆ ಹತ್ತು ನಿಮಿಷ ಅದರ ಬಗ್ಗೆ ಮಾತಾಡಿ. ಮೂರನೇದು, ನಿಮ್ಮ ಎದೆ ಹಿಂಡಿದ ಯಾವುದೇ ಸುದ್ದಿಗೆ, ನನ್ನ ಬಾಯಿಂದ ಬಂದದ್ದಾದರೂ ಸರಿ, ಒಂದು ಪ್ರಶ್ನೆ ಹಾಕಿಕೊಳ್ಳಿ: “ಈಗ ನಾನು ಮಾಡಬಹುದಾದ್ದು ಏನಾದರೂ ಇದೆಯಾ?” ಇದ್ದರೆ ಟಿವಿ ಆರಿಸಿ, ಅದನ್ನ ಮಾಡಿ. ನಮ್ಮ ಟಿಆರ್‌ಪಿ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಅಂದಹಾಗೆ, ಆ ಐಟಿಐ ಹಿರಿಯರು ಕಣ್ಣುದಾನಕ್ಕೆ ಹೆಸರು ಬರೆಸಿದ್ದಾರೆ. ಕಾರ್ಡು ಪರ್ಸಿನಲ್ಲೇ ಇರುತ್ತೆ. ಕೇಳಿದರೆ, “ಹುಡುಗ ಕಂಬಳಿ ಕೊಟ್ಟ, ನಾವು ಇಷ್ಟಾದ್ರೂ ಕೊಡ್ಬೇಡ್ವೇನಪ್ಪಾ” ಅಂದರು.

ನಾಳೆ ರಾತ್ರಿ 9ಕ್ಕೆ ಮತ್ತೆ ಸಿಗೋಣ.